ಅಜ್ಜನ ಎಚ್‌ಎಂಟಿ ಜನತಾ ಗಂಟೆಗೆ 15 ನಿಮಿಷ ಮುಂದೆ ಓಡುತ್ತಿದೆ, ಏನು ಮಾಡಲಿ?

ಮಲೆನಾಡ_ಮೊಮ್ಮಗಳು:
ನಮಸ್ಕಾರ. ಇದು ನಮ್ಮ ಅಜ್ಜನ ವಾಚು. ಎಚ್‌ಎಂಟಿ ಜನತಾ, ಕೀ ಕೊಡುವಂಥದ್ದು, 17 ಜ್ಯುವೆಲ್ಸ್ (ಒಳಗೆ ಕೂರಿಸಿದ ಪುಟ್ಟ ಕಲ್ಲುಗಳು). ಅಜ್ಜ ಹೋದ ಮೇಲೆ ಹತ್ತು ವರ್ಷ ಬೀರುವಿನಲ್ಲಿ ಅಡಿಕೆ ಮಂಡಿಯ ರಸೀದಿಗಳ ಜೊತೆ ಬಿದ್ದಿತ್ತು. ಅಪ್ಪನ ಅರವತ್ತಕ್ಕೆ ಕೊಡೋಣ ಅಂತ ಪೇಟೆಯಲ್ಲಿ ಒಬ್ಬರ ಹತ್ತಿರ ಸರ್ವಿಸ್ ಮಾಡಿಸಿದೆ. ಈಗ ಓಡುತ್ತದೆ, ಓಡುವುದೇ ಜಾಸ್ತಿ ಆಗಿದೆ. ವಾಪಸ್ ತೋರಿಸಿದರೆ ಮೆಷಿನ್ ಮುಗಿದಿದೆ, ಬೇರೆ ಹಾಕಿ ಡಯಲ್‌ಗೂ ಹೊಸ ಬಣ್ಣ ಹೊಡೆಸಿ ಕೊಡ್ತೀನಿ ಅಂದರು. ಒಳಗಿನದೂ ಹೊಸದು, ಮುಖವೂ ಹೊಸದು ಅಂದರೆ ಅದು ಅಜ್ಜನ ವಾಚು ಹೇಗಾಗುತ್ತೆ? ಇನ್ನು ಮೂರೇ ವಾರ ಇದೆ.

ಕೀ_ಕೊಡುವವ:
ಮೊದಲು ಆ ಅಂಗಡಿಗೆ ಮತ್ತೆ ಹೋಗಬೇಡಿ. ಮೆಷಿನ್ ಮುಗಿದಿದ್ದರೆ ವಾಚು ನಿಧಾನ ಆಗುತ್ತೆ, ನಿಂತು ನಿಂತು ಓಡುತ್ತೆ. ಇಷ್ಟೊಂದು ಮುಂದೆ ಓಡುತ್ತಿದೆ ಅಂದರೆ ನನ್ನ ಅನುಮಾನ ಹೇರ್‌ಸ್ಪ್ರಿಂಗ್ ಮೇಲೆ. ಕೂದಲಿನಷ್ಟು ತೆಳ್ಳಗಿನ ಸುರುಳಿ ಅದು, ಹಿಂದೆ ಮುಂದೆ ಆಡುತ್ತಾ ವಾಚಿನ ವೇಗ ಹಿಡಿಯುವ ಬ್ಯಾಲೆನ್ಸ್ ಚಕ್ರದ ಮೇಲೆ ಕೂತಿರುತ್ತೆ. ಅದರ ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ಚಕ್ರ ಬೇಗ ಬೇಗ ಆಡುತ್ತೆ. ಜನತಾ ಗಂಟೆಗೆ 18,000 ಬಡಿತದ ವಾಚು, ಅಂದರೆ ಸೆಕೆಂಡಿಗೆ ಐದು ಟಿಕ್.
ಅಂಟಿಕೊಳ್ಳಲು ಸಾಮಾನ್ಯವಾಗಿ ಎರಡೇ ಕಾರಣ, ಅಯಸ್ಕಾಂತ ಇಲ್ಲವೇ ಎಣ್ಣೆ. ಮಕ್ಕಳ ಹತ್ತಿರ ದಿಕ್ಸೂಚಿ ಇದ್ದರೆ ಅದರ ಪಕ್ಕ ಓಡುವ ವಾಚು ಇಡಿ. ಟಿಕ್ ಜೊತೆ ಮುಳ್ಳು ನಡುಗಿದರೆ ಅಯಸ್ಕಾಂತ ಹತ್ತಿದೆ ಅಂತ. ವಾಚನ್ನು ಸ್ಪೀಕರ್ ಮೇಲೆ, ಮೊಬೈಲ್ ಕವರ್ ಪಕ್ಕ ಏನಾದರೂ ಇಟ್ಟಿದ್ದಿರಾ?

ಸುಮ್ನೆ_ಓದುಗ:
ಒಳಗೆ ಸಣ್ಣ ಕಡ್ಡಿ ಇರುತ್ತೆ, ಪ್ಲಸ್ ಮೈನಸ್ ಅಂತ. ಮೈನಸ್ ಕಡೆ ತಳ್ಳಿ, ಆಯ್ತು.

ಕೀ_ಕೊಡುವವ:
ಅದು ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸಕ್ಕೆ ಸಾರ್. ಗಂಟೆಗೆ ಕಾಲು ಗಂಟೆ ಓಡುವುದನ್ನು ಅದರಿಂದ ಹಿಡಿಯಲು ಆಗಲ್ಲ. ಕಡ್ಡಿ ಮುಟ್ಟಲು ಹೋಗಿ ಸ್ಕ್ರೂಡ್ರೈವರ್ ಜಾರಿ ಹೇರ್‌ಸ್ಪ್ರಿಂಗ್‌ಗೆ ತಾಗಿದರೆ ಕತೆ ಮುಗೀತು, ನಾನೇ ಒಂದು ಎಚ್‌ಎಂಟಿ ಪೈಲಟ್ ವಾಚು ಹಾಳು ಮಾಡಿಕೊಂಡಿದ್ದೇನೆ.

ಮಲೆನಾಡ_ಮೊಮ್ಮಗಳು:
ದಿಕ್ಸೂಚಿ ಅಲ್ಲಾಡಲಿಲ್ಲ. ಪಕ್ಕದ ಮನೆಯ ಅಣ್ಣ ಹಿಂದಿನ ಮುಚ್ಚಳ ತೆಗೆದುಕೊಟ್ಟರು, ಫೋಟೋ ಹಾಕಿದ್ದೇನೆ. ಒಳಗೆಲ್ಲ ಜಿಡ್ಡು ಹೊಳೆಯುತ್ತಿದೆ. ಸ್ಪಿರಿಟ್‌ನಲ್ಲಿ ಒಂದು ಸಲ ಅದ್ದಿ ತೆಗೆಯಲಾ?

ಕೀ_ಕೊಡುವವ:
ಬೇಡ, ಬೇಡ! ಚಕ್ರದ ಹಲ್ಲನ್ನು ಒಂದೊಂದಾಗಿ ಹಿಡಿದು ಬಿಡುವ ತುಂಡು ಪ್ಯಾಲೆಟ್, ಆ ಪ್ಯಾಲೆಟ್‌ನ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಬ್ಯಾಲೆನ್ಸ್ ಚಕ್ರದ ಕೆಳಗಿನ ಪುಟ್ಟ ಕಲ್ಲನ್ನೂ ಹಾಗೆಯೇ. ಸ್ಪಿರಿಟ್‌ನಲ್ಲಿ ಅರಗು ಕರಗುತ್ತೆ, ಕಲ್ಲು ಉದುರುತ್ತೆ.
ಫೋಟೋ ದೊಡ್ಡದು ಮಾಡಿ ನೋಡಿದೆ. ಸುರುಳಿಯ ಎರಡು ಸುತ್ತು ಒಂದು ಕಡೆ ಕೂಡಿಕೊಂಡಿವೆ, ಅಲ್ವಾ? ಮೆಷಿನ್ ಬಿಚ್ಚದೆ ಇಡಿಯಾಗಿ ಪೆಟ್ರೋಲ್‌ನಲ್ಲಿ ಅದ್ದಿ, ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ ಸುರಿಯುವವರು ಈಗಲೂ ಇದ್ದಾರೆ. ನಿಮ್ಮದಕ್ಕೂ ಅದೇ ಆಗಿರುವ ಹಾಗಿದೆ. ವಾಚಿಗೆ ಎಣ್ಣೆ ಬೇಕಾಗುವುದು ಸೂಜಿ ಮೊನೆಯಷ್ಟು, ಹೇರ್‌ಸ್ಪ್ರಿಂಗ್‌ಗಂತೂ ಒಂದು ತೊಟ್ಟೂ ಬೇಡ. ಎಲ್ಲ ಭಾಗ ಬಿಚ್ಚಿ ತೊಳೆಯುವ ಹಳೇ ಕೈ ಯಾರಾದರೂ ಸಿಗುತ್ತಾರಾ ನೋಡಿ. ಕೊಡುವ ಮೊದಲೇ "ಬಿಚ್ಚಿ ತೊಳೀತೀರಾ, ಅದ್ದಿ ತೆಗೀತೀರಾ" ಅಂತ ಕೇಳಿ, ಮುಖ ನೋಡಿದರೇ ಗೊತ್ತಾಗುತ್ತೆ.

ಬೆಂಗಳೂರು_ಟಿಕ್‌ಟಿಕ್:
ಡಯಲ್ ಬಗ್ಗೆ ಒಂದು ಮಾತು. ಹಳದಿ ಬಿದ್ದಿದ್ದರೂ ಬಿಡಿ. ಬಣ್ಣ ಹೊಡೆಸಿದರೆ ಹಳೇ ಅಕ್ಷರ ಮತ್ತೆ ಬರಲ್ಲ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿತು, 2016ರಲ್ಲಿ ವಾಚು ಕಂಪನಿ ಮುಚ್ಚುವ ತೀರ್ಮಾನ ಆಯಿತು. ಈಗ ಆನ್‌ಲೈನ್‌ನಲ್ಲಿ ಕೆಂಪು, ನೀಲಿ ಡಯಲ್ ಹಾಕಿ ಮಾರುವ ಎಷ್ಟೋ ಜನತಾಗಳು ಹೀಗೆ ಬಣ್ಣ ಬಳಿದವೇ. ಗಾಜು ಮಾತ್ರ ಉಜ್ಜಿಸಿ. ಅದು ಅಕ್ರಿಲಿಕ್, ಬಿಳಿ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿದರೆ ಸಣ್ಣ ಗೀರು ಹೋಗುತ್ತೆ. ಅಂಚಿಗೆ ಟೇಪ್ ಹಚ್ಚಿಕೊಳ್ಳಿ, ನೀರು ಒಳಗೆ ಹೋಗಬಾರದು.

ಮಲೆನಾಡ_ಮೊಮ್ಮಗಳು:
ತಡವಾಯಿತು, ಕ್ಷಮಿಸಿ. ಶಿವಮೊಗ್ಗದಲ್ಲಿ ಒಬ್ಬರು ಹಿರಿಯರು ಸಿಕ್ಕರು. ನಾನು ಕೇಳಿದ ಪ್ರಶ್ನೆಗೆ "ಅದ್ದೋದಾ? ದೋಸೆನಾ ಅದು?" ಅಂದರು, ಅಲ್ಲೇ ಬಿಟ್ಟು ಬಂದೆ. ಐದು ದಿನ ತಗೊಂಡರು. ಹೇರ್‌ಸ್ಪ್ರಿಂಗ್‌ನಲ್ಲಿ ಎಣ್ಣೆಯೇ ಇದ್ದಿದ್ದಂತೆ. ಒಂದು ಭಾಗವನ್ನೂ ಬದಲಿಸಿಲ್ಲ. ಈಗ ದಿನಕ್ಕೆ 40 ಸೆಕೆಂಡ್ ಮುಂದೆ, ಇಷ್ಟು ಹಳೇ ವಾಚಿಗೆ ಇದು ಚೆನ್ನಾಗಿದೆ ಅಂದರು. ಗಾಜನ್ನು ನಾನೇ ಉಜ್ಜಿದೆ.
ಮುಚ್ಚಳದ ಒಳಗೆ ಸೂಜಿಯಲ್ಲಿ ಗೀರಿದ ಸಣ್ಣ ಸಣ್ಣ ತಾರೀಖುಗಳಿವೆ. ರಿಪೇರಿಯವರು ಪ್ರತಿ ಸಲ ಹಾಗೆ ಬರೆದಿಡುತ್ತಾರಂತೆ. ಅದರಲ್ಲೊಂದು ಅಪ್ಪ ಹುಟ್ಟಿದ ವರ್ಷದ್ದು, ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೀ_ಕೊಡುವವ:
ಅದರ ಫೋಟೋನೂ ಹಾಕಿ. ಕೀ ಕೊಡುವಾಗ ಕೈಯಿಂದ ಬಿಚ್ಚಿಕೊಂಡು ಕೊಡಲು ಹೇಳಿ ಅಪ್ಪನಿಗೆ, ಬಿಗಿ ಆದ ತಕ್ಷಣ ನಿಲ್ಲಿಸಬೇಕು.