ಮೆಡಿಕಲ್ ಸ್ಕೂಲ್‌ಗೆ ಎರಡನೇ ಸಲ ಅಪ್ಲೈ, ಜಿಪಿಎ 3.1. ಈ ಜೂನ್‌ಗೇ ಹಾಕೋದಾ, ಒಂದು ವರ್ಷ ಬಿಡೋದಾ?

ಓಹಾಯೋ_ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳ ವಿಷ್ಯ ಕೇಳೋಣ ಅಂತ ಬಂದೆ, ಅವಳಿಗೆ ಹೇಳೇ ಹಾಕ್ತಿದೀನಿ. ಬಯಾಲಜಿ ಡಿಗ್ರಿ ಮುಗ್ಸಿದಾಳೆ, ಇಲ್ಲೇ ಅಮೆರಿಕದಲ್ಲಿ, ಎಲ್ಲರೂ ಸಿಟಿಜನ್ಸು. ಒಟ್ಟು ಜಿಪಿಎ (4ಕ್ಕೆ ಲೆಕ್ಕ ಹಾಕೋ ಗ್ರೇಡ್ ಸರಾಸರಿ) 3.1, ಸೈನ್ಸ್ ಜಿಪಿಎ 2.9. ಎರಡನೇ ವರ್ಷ ಪೂರ್ತಿ ಹಳ್ಳ ಹಿಡೀತು, ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡನೇ ಸೆಮಿಸ್ಟರ್‌ನಲ್ಲಿ ಸಿ ಮೈನಸ್, ಫಿಸಿಕ್ಸ್‌ನಲ್ಲಿ ಸಿ, ಇನ್ನೊಂದು ಕೋರ್ಸ್ ಅರ್ಧಕ್ಕೆ ಬಿಟ್ಟು ಡಬ್ಲ್ಯೂ. ಕೊನೇ ವರ್ಷ ಚೆನ್ನಾಗಿ ಎತ್ಕೊಂಡ್ಳು, 3.6 ಬಂತು. ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) 509. ಕಳೆದ ಸಲ ಬರೀ ಎಂಡಿ (ಇಲ್ಲಿ ಡಾಕ್ಟ್ರಾಗೋಕೆ ಓದೋ ಮೊದಲ ಡಿಗ್ರಿ) ಕಾಲೇಜುಗಳಿಗೆ ಹಾಕಿದ್ಲು, ಅದೂ ಸೆಪ್ಟೆಂಬರ್‌ನಲ್ಲಿ, ಒಂದು ಇಂಟರ್‌ವ್ಯೂನೂ ಬರ್ಲಿಲ್ಲ. ಈಗ ಒಂದು ಕ್ಲಿನಿಕ್‌ನಲ್ಲಿ ಸ್ಕ್ರೈಬ್ ಆಗಿ, ಅಂದ್ರೆ ಡಾಕ್ಟ್ರ ನೋಟ್ಸ್ ಬರ್ಕೊಡೋ ಕೆಲಸ ಮಾಡ್ತಿದಾಳೆ.

ನಮ್ಮನೆಯವರು ಹೇಳೋದು ಎಂಕ್ಯಾಟ್ ಮತ್ತೆ ಬರೆದು 515 ತೆಗೆದ್ರೆ ಜಿಪಿಎ ಯಾರೂ ನೋಡಲ್ಲ, ಈ ಜೂನ್‌ನಲ್ಲೇ ಮತ್ತೆ ಹಾಕು ಅಂತ. ಅವಳು ಹೇಳೋದು ಇನ್ನೊಂದು ವರ್ಷ ಸೈನ್ಸ್ ಕ್ಲಾಸ್ ತಗೊಂಡು ಆಮೇಲೆ ಹಾಕ್ತೀನಿ ಅಂತ. ದಿನಾ ಊಟದ ಟೇಬಲ್‌ನಲ್ಲಿ ಇದೇ ಜಗಳ, ಮಧ್ಯೆ ಕೂತು ನನಗೆ ತಲೆ ಕೆಟ್ಟು ಹೋಗಿದೆ. ಈ ದಾರಿಯಲ್ಲಿ ಹೋಗಿ ಬಂದೋರು ಯಾರಾದ್ರೂ ಇದ್ರೆ ಹೇಳಿ, ಯಾರ ಮಾತು ಸರಿ?

ರಾತ್ರಿಪಾಳಿ:
ಮೇಡಂ, ಮಗಳ ಮಾತೇ ಸರಿ. ನಾನು ಡಿಒ (ಆಸ್ಟಿಯೋಪಥಿಕ್ ಕಾಲೇಜಲ್ಲಿ ಓದಿದ ಡಾಕ್ಟರ್, ಎಂಡಿ ಥರದ್ದೇ ಇನ್ನೊಂದು ಡಿಗ್ರಿ), ಈಗ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಡಿಗ್ರಿ ಆದ್ಮೇಲಿನ ಆಸ್ಪತ್ರೆ ತರಬೇತಿ) ಮಾಡ್ತಿದೀನಿ, ನನ್ನ ಜಿಪಿಎನೂ ಇದೇ ಲೆವೆಲ್ಲೇ ಇತ್ತು ಅದಕ್ಕೇ ಬರೀತಿದೀನಿ, ಡ್ಯೂಟಿ ಮಧ್ಯೆ ಟೈಪ್ ಮಾಡ್ತಿರೋದು ಉದ್ದ ಆದ್ರೆ ಕ್ಷಮಿಸಿ.

ಮೊದ್ಲು ಲೆಕ್ಕ ನೋಡಿ. 120 ಕ್ರೆಡಿಟ್‌ಗೆ 3.1 ಇದೆ ಅಂದ್ಕೊಳಿ. ಒಂದು ವರ್ಷ ಕೂತು 30 ಕ್ರೆಡಿಟ್ ತಗೊಂಡು ಎಲ್ಲದ್ರಲ್ಲೂ ಎ ತೆಗೆದ್ರೂ ಒಟ್ಟು ಹೋಗೋದು 3.28ಕ್ಕೆ, ಅಷ್ಟೇ. ಕೆರೆಗೆ ಒಂದು ಕೊಡ ನೀರು ಸುರಿದ ಹಾಗೆ. ಆದ್ರೆ ಸೈನ್ಸ್ ಲೆಕ್ಕ ಬೇರೆ, 60 ಕ್ರೆಡಿಟ್‌ಗೆ 2.9 ಇದ್ರೆ 24 ಕ್ರೆಡಿಟ್ ಎ ಸೇರಿದಾಗ 3.2 ದಾಟುತ್ತೆ, 2ರಿಂದ ಶುರುವಾಗೋ ನಂಬರ್ ಹೋಗಿ 3ರಿಂದ ಶುರುವಾಗೋ ನಂಬರ್ ಬರುತ್ತೆ. ಇದು ಸಣ್ಣ ವಿಷ್ಯ ಅಲ್ಲ, ಯಾಕಂದ್ರೆ ಎಷ್ಟೋ ಕಡೆ 3.0 ಕೆಳಗಿದ್ರೆ ಮನುಷ್ಯರು ಫೈಲ್ ತೆಗೆಯೋ ಮುಂಚೆನೇ ಕಂಪ್ಯೂಟರ್ ಪಕ್ಕಕ್ಕೆ ಇಡುತ್ತೆ.

ಎರಡನೇದು, ಒಟ್ಟು ಜಿಪಿಎ ಅಲ್ಲಾಡದಿದ್ರೂ ಆಮ್‌ಕ್ಯಾಸ್ ಅರ್ಜಿಯಲ್ಲಿ (ಎಂಡಿ ಕಾಲೇಜುಗಳಿಗೆ ಹಾಕೋ ಕಾಮನ್ ಅರ್ಜಿ) ವರ್ಷ ವರ್ಷಕ್ಕೆ ಬೇರೆ ಬೇರೆ ಜಿಪಿಎ ಬಿಡಿಸಿ ತೋರಿಸ್ತಾರೆ. ಎರಡನೇ ವರ್ಷ ಬಿದ್ದು, ಕೊನೇ ವರ್ಷ 3.6 ಆಗಿ, ಅದಾದ್ಮೇಲೆ ಕಷ್ಟದ ಸೈನ್ಸ್‌ನಲ್ಲೇ ಒಂದು ವರ್ಷ 4.0 ಇದ್ರೆ ಓದೋರಿಗೆ ಈ ಹುಡುಗಿ ಈಗ ಬೇರೆ ಅಂತ ತಾನಾಗೇ ಗೊತ್ತಾಗುತ್ತೆ. ಈ ಜೂನ್‌ನಲ್ಲೇ ಹಾಕಿದ್ರೆ ಅವರ ಮುಂದೆ ಹೋಗೋದು ಕಳೆದ ಸಲದ ಫೈಲೇ, ದಿನಾಂಕ ಮಾತ್ರ ಹೊಸದು. ಹಳೇ ಅರ್ಜಿ ಆ ಕಾಲೇಜಿನವರ ಹತ್ರ ಇದ್ದೇ ಇರುತ್ತೆ, ಪಕ್ಕಪಕ್ಕ ಇಟ್ಟು ನೋಡ್ತಾರೆ.

ಎಂಕ್ಯಾಟ್ ಬಗ್ಗೆ ಯಜಮಾನ್ರಿಗೆ ಹೇಳಿ, 509 ಕೆಟ್ಟದ್ದಲ್ಲ. ಎಂಡಿ ಸೇರೋರ ಸರಾಸರಿ 511-512ರ ಹತ್ರ, ಜಿಪಿಎ ಸರಾಸರಿ 3.77ರ ಮೇಲೆ, ಹಾಗಾಗಿ ದೊಡ್ಡ ಗ್ಯಾಪ್ ಇರೋದು ಎಲ್ಲಿ ಅಂತ ಅವ್ರೇ ನೋಡ್ಲಿ. ಮತ್ತೆ ಬರೆಯೋದಾದ್ರೆ ಪ್ರಾಕ್ಟೀಸ್ ಟೆಸ್ಟ್‌ಗಳಲ್ಲಿ 514-515 ಸತತವಾಗಿ ಬರ್ತಿದ್ರೆ ಮಾತ್ರ ಬರೀಲಿ, ಹಳೇ ಸ್ಕೋರ್‌ಗಳೂ ಕಾಲೇಜುಗಳಿಗೆ ಕಾಣುತ್ತೆ, 506 ಬಂತು ಅಂದ್ರೆ ಇದ್ದದ್ದೂ ಹೋಯ್ತು. ವರ್ಷಕ್ಕೆ 3, ಸತತ ಎರಡು ವರ್ಷದಲ್ಲಿ 4, ಜೀವನಪೂರ್ತಿ 7 ಸಲ ಅನ್ನೋ ಮಿತಿನೂ ಇದೆ. ಒಂದು ಎಚ್ಚರಿಕೆ, ಸುಮಾರು ಕಾಲೇಜುಗಳು ಎರಡು ಮೂರು ವರ್ಷಕ್ಕಿಂತ ಹಳೇ ಸ್ಕೋರ್ ತಗೊಳಲ್ಲ, ಅವಳದು ಯಾವಾಗ ಬರೆದಿದ್ದು ನೋಡ್ಕೊಳಿ.

ಹಾಂ, ಮುಂದಿನ ಸಲ ಡಿಒ ಕಾಲೇಜುಗಳಿಗೂ ಹಾಕಿಸಿ. ಅಲ್ಲಿ ಸೇರೋರ ಎಂಕ್ಯಾಟ್ ಸರಾಸರಿ 504ರ ಆಸುಪಾಸು, 509 ಅಲ್ಲಿ ಗಟ್ಟಿ ಸ್ಕೋರು.

ಹಳೇಟ್ರಾನ್ಸಿಸ್ಟರ್:
ಇಷ್ಟೆಲ್ಲಾ ಯಾಕಮ್ಮ ಒದ್ದಾಡ್ತೀರಾ. ಕೆರಿಬಿಯನ್‌ಗೆ ಕಳ್ಸಿ, ಜನವರಿಯಲ್ಲೂ ಅಡ್ಮಿಷನ್ ಕೊಡ್ತಾರೆ, ನಮ್ಮ ಷಡ್ಡಕನ ಮಗ ಅಲ್ಲೇ ಓದಿ ಇವತ್ತು ಫ್ಯಾಮಿಲಿ ಡಾಕ್ಟ್ರು. ಇಲ್ಲಾ ಅಂದ್ರೆ ಊರಲ್ಲಿ ಎನ್‌ಆರ್‌ಐ ಕೋಟಾ ಇದ್ಯಲ್ಲ. ವಯಸ್ಸು ಹೋಗುತ್ತೆ ಸುಮ್ನೆ, ಹೆಣ್ಣುಮಗು ಬೇರೆ.

ರಾತ್ರಿಪಾಳಿ:
ಸರ್, ಹೆಣ್ಣುಮಗು ಅನ್ನೋದು ಈ ಲೆಕ್ಕದಲ್ಲಿ ಎಲ್ಲಿಂದ ಬಂತು ಗೊತ್ತಾಗ್ಲಿಲ್ಲ, ಅದು ಬಿಡಿ. 2024ರ ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟ್ ಹಂಚೋ ವ್ಯವಸ್ಥೆ) ಸೀಟ್ ಸಿಕ್ಕಿದ್ದು ಅಮೆರಿಕದ ಎಂಡಿ ಫೈನಲ್ ಇಯರ್‌ನೋರಲ್ಲಿ 93.5 ಪರ್ಸೆಂಟ್ ಜನಕ್ಕೆ, ಡಿಒದವರಿಗೆ 92.3, ಹೊರದೇಶದಲ್ಲಿ ಓದಿ ಬಂದ ಅಮೆರಿಕನ್ ಸಿಟಿಜನ್‌ಗಳಿಗೆ 67. ನಿಮ್ಮ ಷಡ್ಡಕರ ಮಗ ಆ 67ರಲ್ಲಿ ಬಂದ್ರು, ಸಂತೋಷ. ಆದ್ರೆ ಕೆರಿಬಿಯನ್‌ನಲ್ಲಿ ಮಧ್ಯದಲ್ಲೇ ಬಿಟ್ಟು ಬಂದೋರು, ಪರೀಕ್ಷೆಗೆ ಕೂರೋಕೇ ಅವಕಾಶ ಸಿಗದೋರು ಈ ನಂಬರ್‌ನಲ್ಲಿ ಇಲ್ವೇ ಇಲ್ಲ. ಸಾಲ ಮಾತ್ರ ಅವರ ತಲೆ ಮೇಲೇ ಇರುತ್ತೆ. ಆ ಕಾಲೇಜಿನವರು ಫೋನ್ ಮಾಡಿ ಸೀಟ್ ಇದೆ ಬನ್ನಿ ಅಂದಾಗ ಕೇಳ್ಬೇಕಾದ ಪ್ರಶ್ನೆ ಒಂದೇ, ಒಂದು ಬ್ಯಾಚ್‌ಗೆ ಸೇರಿದ ನೂರು ಜನರಲ್ಲಿ ನಾಲ್ಕು ವರ್ಷಕ್ಕೆ ಡಿಗ್ರಿ ತಗೊಂಡು ಹೊರಗೆ ಬಂದೋರು ಎಷ್ಟು ಜನ? ಉತ್ತರ ತಿರುಗಿಸಿ ಮುರುಗಿಸಿ ಕೊಟ್ರೆ ಫೋನ್ ಇಡಿ.

ಇಂಡಿಯಾ ಕೋಟಾಗೂ ನೀಟ್ ಬರೀಲೇಬೇಕು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ವಾಪಸ್ ಬಂದು ಮತ್ತೆ ಯುಎಸ್‌ಎಂಎಲ್‌ಇ, ಅಂದ್ರೆ ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ. ಅಲ್ಲೇ ಪ್ರಾಕ್ಟೀಸ್ ಮಾಡ್ಬೇಕು ಅಂತ ಆಸೆ ಇರೋರಿಗೆ ಒಳ್ಳೇ ದಾರಿ. ಈ ಹುಡುಗಿಗೆ ಅದು ಬೇಕು ಅಂತ ಯಾರೂ ಹೇಳಿಲ್ವಲ್ಲ.

ಓಹಾಯೋ_ಅಮ್ಮ:
ತುಂಬಾ ಥ್ಯಾಂಕ್ಸ್, ಆ ಲೆಕ್ಕ ನಮ್ಮನೆಯವರಿಗೆ ತೋರಿಸ್ದೆ, ಕ್ಯಾಲ್ಕುಲೇಟರ್ ಹಿಡಿದು ತಾವೇ ಮಾಡಿ ನೋಡಿ ಸುಮ್ನಾದ್ರು 🙂 ಇನ್ನೊಂದು ಕೇಳ್ಬೇಕಿತ್ತು. ಒಂದು ಕಡೆ ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ ಅಂತ ಬ್ರೋಷರ್ ಕಳ್ಸಿದಾರೆ, ಒಂದೇ ವರ್ಷ, ಮೆಡಿಕಲ್ ಸ್ಟೂಡೆಂಟ್ಸ್ ಜೊತೆ ಕೂತು ಓದೋದಂತೆ, ಫೀಸ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಅದು ವಾಸಿನಾ, ಹತ್ರದ ಯೂನಿವರ್ಸಿಟಿಯಲ್ಲಿ ಕ್ಲಾಸ್ ತಗೊಳೋದು ವಾಸಿನಾ? ಮತ್ತೆ ಡಿಒ ಅಂದ್ರೆ ನಮ್ಮತ್ತೆ ‘ಅದು ಪೂರ್ತಿ ಡಾಕ್ಟ್ರಾ’ ಅಂತಾರೆ, ಏನು ಹೇಳ್ಲಿ?

ಅಡ್ವೈಸಿಂಗ್_ಡೆಸ್ಕ್:
ಮೇಡಂ ನಾನು ಒಂದು ಯೂನಿವರ್ಸಿಟಿಯ ಪ್ರೀ-ಹೆಲ್ತ್ ಅಡ್ವೈಸಿಂಗ್ ಆಫೀಸಲ್ಲಿ ಕೆಲಸ ಮಾಡ್ತೀನಿ, ಇಂಥ ಫೈಲ್ ದಿನಾ ನೋಡ್ತೀವಿ.

ಅತ್ತೆಯವರಿಗೆ ಹೇಳಿ, ಡಿಒ ಅಂದ್ರೆ 50 ರಾಜ್ಯದಲ್ಲೂ ಪೂರ್ತಿ ಲೈಸೆನ್ಸ್, ಸರ್ಜರಿನೂ ಮಾಡ್ಬಹುದು, 2020ರಿಂದ ಎಂಡಿ ಡಿಒ ಇಬ್ಬರಿಗೂ ಒಂದೇ ರೆಸಿಡೆನ್ಸಿ ವ್ಯವಸ್ಥೆ. ಅವರ ಬಿಪಿ ನೋಡ್ತಿರೋ ಡಾಕ್ಟ್ರ ಹೆಸರಿನ ಮುಂದೆ ಏನಿದೆ ಅಂತ ಒಂದ್ಸಲ ನೋಡೋಕೆ ಹೇಳಿ, ಡಿಒ ಆಗಿದ್ರೆ ಆಶ್ಚರ್ಯ ಇಲ್ಲ.

ಮಾಸ್ಟರ್ಸ್ ವಿಷ್ಯ. ಆ ಗ್ರೇಡ್‌ಗಳು ಗ್ರ್ಯಾಜುಯೇಟ್ ಜಿಪಿಎ ಅಂತ ಬೇರೆ ಸಾಲಿಗೆ ಹೋಗುತ್ತೆ, ಅವಳ 2.9 ಅಲ್ಲಾಡಲ್ಲ. ಡಿಗ್ರಿ ಆದ್ಮೇಲೆ ತಗೊಳೋ ಅಂಡರ್‌ಗ್ರ್ಯಾಜುಯೇಟ್ ಕೋರ್ಸ್‌ಗಳು ಮಾತ್ರ ಅಂಡರ್‌ಗ್ರ್ಯಾಡ್ ಜಿಪಿಎಗೆ ಸೇರೋದು. ಅವಳಿಗೆ ಈಗ ಬೇಕಿರೋದು ಅದೇ. ಮಾಸ್ಟರ್ಸ್‌ನಲ್ಲಿ ಇನ್ನೊಂದು ಕುತ್ತು, ಅಲ್ಲಿ ಬಿ ಬಂತು ಅಂದ್ರೆ ಮೆಡಿಕಲ್ ಓದೋಕೆ ಆಗಲ್ಲ ಅಂತ ನೀವೇ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡ ಹಾಗಾಗುತ್ತೆ. ಕ್ಲಾಸ್ ಎಲ್ಲ ಮುಗ್ಸಿ ಅಂಡರ್‌ಗ್ರ್ಯಾಡ್ ಇನ್ನು ಮೇಲೇಳಲ್ಲ ಅಂತಾದಾಗ, ಅದೂ ತಮ್ಮದೇ ಮೆಡಿಕಲ್ ಕಾಲೇಜಲ್ಲಿ ಇಂಟರ್‌ವ್ಯೂ ಗ್ಯಾರಂಟಿ ಬರವಣಿಗೆಯಲ್ಲಿ ಕೊಡೋ ಪ್ರೋಗ್ರಾಂ ಆದ್ರೆ ಯೋಚ್ನೆ ಮಾಡಿ.

ಸಾಲದ ಲೆಕ್ಕನೂ ಬದಲಾಗಿದೆ. 2025ರಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳೋರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಸರ್ಕಾರಿ ಸಾಲ ಇಲ್ಲ, ಮೆಡಿಕಲ್‌ಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್‌ಗೆ ನಿಲ್ಲುತ್ತೆ, ಮಾಸ್ಟರ್ಸ್‌ಗೆ ವರ್ಷಕ್ಕೆ 20,500. ಮಿಕ್ಕಿದ್ದು ಪ್ರೈವೇಟ್ ಬ್ಯಾಂಕೋ ಅಪ್ಪ ಅಮ್ಮನೋ. ಅಂಥದ್ರಲ್ಲಿ ಬ್ರೋಷರ್ ನೋಡಿ ಕೈ ಸುಟ್ಕೋಬೇಡಿ.

ನನ್ನ ಕಣ್ಣಿಗೆ ಬಿದ್ದ ಇನ್ನೊಂದು ವಿಷ್ಯ, ಯಾರೂ ಹೇಳ್ಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಾಕಿದ್ದು. ಇಲ್ಲಿ ಬಂದ ಹಾಗೆ ಬಂದ ಹಾಗೆ ಫೈಲ್ ಓದಿ ಇಂಟರ್‌ವ್ಯೂ ಹಂಚ್ತಾ ಹೋಗ್ತಾರೆ, ಸೆಪ್ಟೆಂಬರ್‌ನಲ್ಲಿ ಹಾಕಿ ವೆರಿಫೈ ಆಗಿ ಸೆಕೆಂಡರಿ (ಒಂದೊಂದು ಕಾಲೇಜೂ ಬೇರೆಯಾಗಿ ಕೇಳೋ ಎರಡನೇ ಅರ್ಜಿ) ಬರೆಯೋ ಹೊತ್ತಿಗೆ ಊಟ ಮುಗಿದು ಎಲೆ ಎತ್ತೋ ಟೈಮು. 3.9 ಇರೋರಿಗೇ ಅದು ಕಷ್ಟ. ಹಾಗಾಗಿ ಒಂದು ಇಂಟರ್‌ವ್ಯೂನೂ ಬರ್ಲಿಲ್ಲ ಅಂದಿದ್ದನ್ನ ಪೂರ್ತಿ ಜಿಪಿಎ ತಲೆಗೆ ಕಟ್ಟಬೇಡಿ. ಕೆಲವು ಕಾಲೇಜುಗಳು ರಿಜೆಕ್ಟ್ ಆದೋರಿಗೆ ಕೇಳಿದ್ರೆ ಫೀಡ್‌ಬ್ಯಾಕ್ ಕೊಡ್ತಾರೆ, ಅವಳೇ ಮೇಲ್ ಹಾಕ್ಲಿ, ಅಪ್ಪ ಅಮ್ಮ ಫೋನ್ ಮಾಡೋದು ಖಂಡಿತ ಬೇಡ.

ಓಹಾಯೋ_ಮಗಳು:
ನಾನೇ ಆ ಮಗಳು. ಅಮ್ಮ ತೋರಿಸಿದ್ರು. ಕನ್ನಡದಲ್ಲಿ ಟೈಪ್ ಮಾಡೋದು ಸ್ವಲ್ಪ ಕಷ್ಟ, ತಪ್ಪಿದ್ರೆ ಸಾರಿ. ನನ್ನ ಪ್ಲಾನ್ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಸೆಲ್ ಬಯಾಲಜಿ, ಜೆನೆಟಿಕ್ಸ್ ಇಂಥವು. ಆರ್ಗ್ಯಾನಿಕ್ ಸಿ ಮೈನಸ್ ಮತ್ತೆ ಮಾಡ್ಬೇಕಾ? ಮತ್ತೆ ಮಾಡಿದ್ರೂ ಹಳೇದು ಅಳಿಸಿ ಹೋಗಲ್ಲ ಅಂತಾರಲ್ಲ. ಸ್ಕ್ರೈಬ್ ಕೆಲಸ ಫುಲ್ ಟೈಮ್, ಅದನ್ನ ಬಿಡೋಕೆ ಮನಸ್ಸಿಲ್ಲ. ಎಸ್ಸೇನಲ್ಲಿ ಎರಡನೇ ವರ್ಷದ ಬಗ್ಗೆ ಎಷ್ಟು ಬರೀಲಿ?

ಅಡ್ವೈಸಿಂಗ್_ಡೆಸ್ಕ್:
ಅಳಿಸಿ ಹೋಗಲ್ಲ ಪುಟ್ಟಿ, ನಿಜ. ಆಮ್‌ಕ್ಯಾಸ್ ಎರಡೂ ಗ್ರೇಡ್ ಲೆಕ್ಕಕ್ಕೆ ತಗೊಳುತ್ತೆ, ಡಿಒ ಅರ್ಜಿಯಲ್ಲೂ 2017ರಿಂದ ಹಾಗೇ, ಮುಂಚೆ ಅಲ್ಲಿ ಹೊಸ ಗ್ರೇಡ್ ಮಾತ್ರ ಹಿಡೀತಿದ್ರು, ಹಳೇ ಬ್ಲಾಗ್ ಓದಿ ಯಾಮಾರಬೇಡ. ಆದ್ರೂ ಸಿ ಮೈನಸ್ ಬಂದಿದ್ದನ್ನ ಮತ್ತೆ ಮಾಡ್ಲೇಬೇಕಾಗ್ಬಹುದು, ಕಡ್ಡಾಯ ಕೋರ್ಸ್‌ಗಳಲ್ಲಿ ಸಿ ಇರ್ಲೇಬೇಕು ಅನ್ನೋ ಕಾಲೇಜು ಬಹಳ. ಕೆಲವು ಕಡೆ ಎರಡನೇ ಸೆಮಿಸ್ಟರ್ ಆರ್ಗ್ಯಾನಿಕ್ ಬದ್ಲು ಬಯೋಕೆಮಿಸ್ಟ್ರಿ ಸಾಕು ಅಂತಾರೆ, ನಿನ್ನ ಲಿಸ್ಟ್‌ನಲ್ಲಿರೋ ಒಂದೊಂದೇ ಕಾಲೇಜಿನ ವೆಬ್‌ಸೈಟ್ ತೆಗೆದು ನೋಡು. ಫಿಸಿಕ್ಸ್ ಸಿ ಮುಟ್ಟಬೇಡ.

ಫುಲ್ ಟೈಮ್ ಕೆಲಸ ಇಟ್ಕೊಂಡು ನಾಲ್ಕು ಸೈನ್ಸ್ ಒಟ್ಟಿಗೆ ಬೇಡ, ಇನ್ನೊಂದು ಡಬ್ಲ್ಯೂ ಬಂದ್ರೆ ಇಷ್ಟೂ ವ್ಯರ್ಥ. ಸ್ಕ್ರೈಬ್ ವಾರಕ್ಕೆ ಎರಡು ದಿನಕ್ಕೆ ಇಳಿಸ್ಕೋ. ಕೆಲಸ ಪೂರ್ತಿ ಬಿಡ್ಬೇಡ, ನಿನ್ನ ಜೊತೆ ಕೆಲಸ ಮಾಡಿದ ಡಾಕ್ಟ್ರೇ ಲೆಟರ್ ಬರೆದ್ರೆ ಅದಕ್ಕೊಂದು ತೂಕ. ಡಿಒ ಡಾಕ್ಟ್ರು ಯಾರಾದ್ರೂ ಇದ್ರೆ ಈಗ್ಲೇ ಪರಿಚಯ ಮಾಡ್ಕೋ, ಕೆಲವು ಡಿಒ ಕಾಲೇಜು ಅವರ ಲೆಟರ್ ಇದ್ರೆ ಇಷ್ಟಪಡ್ತಾರೆ.

ಎಸ್ಸೇಗೆ ಸಿಗೋದು 5,300 ಅಕ್ಷರ, ಸ್ಪೇಸ್ ಸೇರಿ. ಎರಡನೇ ವರ್ಷಕ್ಕೆ ಅದ್ರಲ್ಲಿ ಎರಡು ಮೂರು ವಾಕ್ಯಕ್ಕಿಂತ ಜಾಸ್ತಿ ಕೊಡ್ಬೇಡ, ಏನಾಯ್ತು, ಆಮೇಲೆ ಓದೋ ರೀತಿಯಲ್ಲಿ ಏನು ಬದಲಾಯಿಸ್ದೆ, ಮುಗೀತು. ಉಳಿದಿದ್ದು ಕ್ಲಿನಿಕ್‌ನಲ್ಲಿ ನೀನು ಕಣ್ಣಾರೆ ನೋಡಿದ್ದು. ಹಳೇ ಎಸ್ಸೇ ಕಾಪಿ ಪೇಸ್ಟ್ ಬೇಡ. ಕಳೆದ ಅರ್ಜಿ ಆದ್ಮೇಲೆ ಏನು ಬದಲಾಯ್ತು ಅಂತ ಸೆಕೆಂಡರಿಗಳಲ್ಲಿ ನೇರವಾಗೇ ಕೇಳೋರಿದಾರೆ, ಅದಕ್ಕೆ ಉತ್ತರ ಈ ವರ್ಷವೇ ತಯಾರಾಗ್ಬೇಕು.

ಕೊನೇದಾಗಿ, ಸ್ಪ್ರಿಂಗ್ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬಿದ್ದ ಮೇಲೇ ಸಬ್ಮಿಟ್ ಮಾಡು. ಸಬ್ಮಿಟ್ ಆದ್ಮೇಲೆ ಬಂದ ಗ್ರೇಡ್‌ನ ಆಮ್‌ಕ್ಯಾಸ್ ಜಿಪಿಎಗೆ ಸೇರಿಸಲ್ಲ. ಮೇ ಕೊನೆಯಲ್ಲಿ ಸಬ್ಮಿಟ್ ಓಪನ್ ಆಗುತ್ತೆ, ಕಾಲೇಜುಗಳಿಗೆ ಫೈಲ್ ಹೋಗೋದು ಜೂನ್ ಕೊನೆಗೆ. ಗ್ರೇಡ್‌ಗೋಸ್ಕರ ಜೂನ್ ಮೊದಲ ವಾರದವರೆಗೆ ಕಾದ್ರೆ ಲೇಟ್ ಏನಾಗಲ್ಲ.