‘ಡಿಸ್ಕ್ ತಗೊಳ್ತಿಲ್ಲ’: ಈ ಒಂದು ಮಾತಿಗೆ ಎಷ್ಟು ಅರ್ಥ?

ಪ್ರಶ್ನೆ – ಹೊಸನಗರದಿಂದ

ಎಲ್ಲರಿಗೂ ನಮಸ್ಕಾರ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದಾಗ ಕಂಪ್ಯೂಟರಿನಲ್ಲಿ ಏನೂ ಬರದಿದ್ದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಡಿಸ್ಕ್ ತಗೊಳ್ತಿಲ್ಲ’. ಗ್ರಂಥಾಲಯದ ಕಂಪ್ಯೂಟರಿನ ಪಕ್ಕ ಅಂಟಿಸಲು ಒಂದು ಪುಟದ ಸೂಚನೆ ತಯಾರಾಗುತ್ತಿದೆ. ಅದರಲ್ಲಿ ‘ಗುರುತಿಸುತ್ತಿಲ್ಲ’ ಎಂದು ಬರೆದರೆ ಸಾಕೇ? ಡಿಟೆಕ್ಟ್, ಮೌಂಟ್ (ಡಿಸ್ಕನ್ನು ಬಳಕೆಗೆ ಜೋಡಿಸಿಕೊಳ್ಳುವುದು), ಇನಿಶಿಯಲೈಜ್ ಇವಕ್ಕೆ ಜನ ಆಡುವ ಮಾತು ಯಾವುದು? ಇನಿಶಿಯಲೈಜ್‌ಗೆ ಸದ್ಯ ‘ಆರಂಭಗೊಳಿಸು’ ಎಂದು ಹಾಕಿದ್ದೇವೆ. ಮಳೆಗಾಲದಲ್ಲಿ ಪಿನ್ನಿನ ಮೇಲೆ ಹಸಿರಾಗಿ ಕೂರುವುದಕ್ಕೆ ಏನನ್ನಬೇಕು ಎಂಬುದನ್ನೂ ತಿಳಿಸಿ.

ಉತ್ತರ – ಶಿವಮೊಗ್ಗದಿಂದ

ಮೊದಲು ಆ ‘ಆರಂಭಗೊಳಿಸು’ ತೆಗೆಯಿರಿ. ‘ಡಿಸ್ಕ್ ಆರಂಭಗೊಳಿಸಲೇ?’ ಎಂದು ಕೇಳಿದರೆ ಯಾರಾದರೂ ಹೂಂ ಎಂದೇ ಒತ್ತುತ್ತಾರೆ. ಆ ಗುಂಡಿ ಡಿಸ್ಕಿನ ಮೊದಲ ಸೆಕ್ಟರುಗಳಲ್ಲಿ (ದತ್ತಾಂಶ ಬರೆಯುವ ಸಣ್ಣ ಅಂಕಣಗಳಲ್ಲಿ) ಇರುವ ವಿಭಾಗಪಟ್ಟಿಯನ್ನು, ಅಂದರೆ ಪಾರ್ಟಿಷನ್ ಟೇಬಲನ್ನು, ಹೊಸದಾಗಿ, ಖಾಲಿಯಾಗಿ ಬರೆಯುತ್ತದೆ. ತೋಟ ಇದ್ದಲ್ಲೇ ಇರುತ್ತದೆ, ಪಹಣಿ ಮಾತ್ರ ಹೊಸದಾಗುತ್ತದೆ; ಅದರಲ್ಲಿ ನಿಮ್ಮ ಹೆಸರಿರುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶದಿಂದ ಹಳೆಯ ವಿಭಾಗಗಳನ್ನು ಹುಡುಕಿ ತರಬಹುದು. ಮುಂದುವರಿದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ, ವಿಸ್ಟಾದಿಂದ ಈಚೆಗಿನ ವಿಂಡೋಸ್ ಇಡೀ ವಿಭಾಗದ ಮೇಲೆ ಸೊನ್ನೆ ಬರೆದುಬಿಡುತ್ತದೆ, ಅದಾದ ಮೇಲೆ ಯಾರೂ ಏನೂ ಮಾಡಲಾರರು. ಸೂಚನೆಯಲ್ಲಿ ‘ಹೊಸ ವಿಭಾಗಪಟ್ಟಿ ಬರೆ (ಹಳೆಯದು ಹೋಗುತ್ತದೆ)’ ಎಂದೇ ಇರಲಿ. ಉದ್ದವಾದರೆ ಆಗಲಿ. ಫಾರ್ಮ್ಯಾಟ್ ಎಂಬ ಮಾತಿಗೆ ಜನ ಈಗಾಗಲೇ ಹೆದರುತ್ತಾರೆ, ಅದನ್ನು ಬದಲಿಸುವುದು ಬೇಡ.

ಇನ್ನು ‘ತಗೊಳ್ತಿಲ್ಲ’. ಇದರೊಳಗೆ ಬೇರೆ ಬೇರೆ ನಾಲ್ಕು ತೊಂದರೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಆಗದು. ಅದಕ್ಕೇ ‘ಗುರುತಿಸುತ್ತಿಲ್ಲ’ ಸಾಲದು.

‘ತಿರುಗುತ್ತಿಲ್ಲ’. ಡಿಸ್ಕಿನ ಮೇಲೆ ಬೆರಳಿಟ್ಟರೆ ಸಣ್ಣ ನಡುಕ ಸಿಗಬೇಕು. ಸಿಗದಿದ್ದರೆ ಕರೆಂಟಿನ ಕಡೆ ನೋಡಿ. ಅಂಗೈಯಗಲದ ಎರಡೂವರೆ ಇಂಚಿನ ಡಿಸ್ಕ್ ಯುಎಸ್‌ಬಿ ತಂತಿಯಿಂದಲೇ ಕರೆಂಟ್ ಎಳೆಯುತ್ತದೆ. ಹಳೆಯ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ ಆದರೆ 900. ತಿರುಗಲು ಶುರುವಾಗುವ ಒಂದೆರಡು ಸೆಕೆಂಡಿನಲ್ಲಿ ಕೆಲವು ಡಿಸ್ಕುಗಳು ಒಂದು ಆಂಪಿಯರ್ ಹತ್ತಿರ ಕೇಳುತ್ತವೆ. ಹಬ್, ಉದ್ದದ ಎಕ್ಸ್‌ಟೆನ್ಷನ್ ತಂತಿ, ಡೆಸ್ಕ್‌ಟಾಪಿನ ಮುಂದಿನ ಪೋರ್ಟ್ ಇವೆಲ್ಲ ದಾರಿಯಲ್ಲೇ ವೋಲ್ಟೇಜ್ ತಿನ್ನುತ್ತವೆ. ಕ್ಯಾಬಿನೆಟ್ಟಿನ ಹಿಂದುಗಡೆ, ಮದರ್‌ಬೋರ್ಡಿಗೇ ಅಂಟಿದ ಪೋರ್ಟಿಗೆ ನೇರ ಚುಚ್ಚಿ. ಮೂರೂವರೆ ಇಂಚಿನ ದಪ್ಪ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕೇಬೇಕು. ಪಿನ್ ಕೂರುತ್ತದೆ ಎಂದು ಲ್ಯಾಪ್‌ಟಾಪಿನ 19 ವೋಲ್ಟಿನದ್ದನ್ನು ಹಾಕಿದರೆ ಬೋರ್ಡಿನಲ್ಲಿರುವ ರಕ್ಷಣೆಯ ಡಯೋಡ್ ಶಾರ್ಟ್ ಆಗಿ ಡಿಸ್ಕ್ ಸದ್ದಡಗುತ್ತದೆ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ನಮ್ಮೂರಿನ ಲೋ ವೋಲ್ಟೇಜಿಗೆ ಅಷ್ಟು ಅಂಜಬೇಕಿಲ್ಲ. ಅಂಜಬೇಕಾದ್ದು ಸಿಡಿಲಿಗೆ. ಮುಂಗಾರಿನ ಮುಂಚಿನ ಗುಡುಗಿಗೆ ಪ್ಲಗ್ಗನ್ನೂ ಯುಎಸ್‌ಬಿಯನ್ನೂ ಎರಡನ್ನೂ ಕಿತ್ತಿಡಿ.

‘ಹಿಡಿಯುತ್ತಿಲ್ಲ’. ನೆಟ್‌ವರ್ಕ್ ಹಿಡಿಯೋದು, ರೇಡಿಯೋ ಸ್ಟೇಷನ್ ಹಿಡಿಯೋದು ಎನ್ನುತ್ತೇವಲ್ಲ, ಡಿಟೆಕ್ಟ್‌ಗೆ ಅದೇ ಸರಿಯಾದ ಮಾತು. ಡಿಸ್ಕ್ ತಿರುಗುತ್ತಿದೆ, ಆದರೆ ಕಂಪ್ಯೂಟರಿಗೆ ಅದು ಬಂದದ್ದೇ ಗೊತ್ತಿಲ್ಲ. ಅಥವಾ ಡಿವೈಸ್ ಮ್ಯಾನೇಜರಿನಲ್ಲಿ ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂದು, ಕೋಡ್ 43 ಹೊತ್ತು ಕೂತಿದೆ. ಇಲ್ಲಿ ಮೊದಲ ಅನುಮಾನ ಕೇಬಲ್ ಮೇಲೆ. ಡಿಸ್ಕಿನ ಕಡೆಯ ಆ ಅಗಲ ಚಪ್ಪಟೆ ಮೂತಿ ಎರಡು ತುಂಡಾಗಿರುತ್ತದೆ, ಅಲುಗಾಡಿ ಅಲುಗಾಡಿ ಸಡಿಲಾಗುವುದು ಅದೇ. ಒಂದು ಒಳ್ಳೆಯ ಪರೀಕ್ಷೆ ಇದೆ: ಡಿಸ್ಕಿನಲ್ಲಿರುವ ಪೋರ್ಟಿನ ದೊಡ್ಡ ಭಾಗಕ್ಕೆ ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಕೇಬಲ್ ಕೂರುತ್ತದೆ. ಅದರಲ್ಲಿ ನಿಧಾನವಾಗಿಯಾದರೂ ಬಂದರೆ ಡಿಸ್ಕ್ ಆರೋಗ್ಯವಾಗಿದೆ, ಕೆಟ್ಟದ್ದು ಹಳೆಯ ಕೇಬಲ್ ಅಥವಾ 3.0ರ ಪಿನ್ನುಗಳು. ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ಇನ್ನೊಂದು ಕಂಪ್ಯೂಟರಿಗೆ ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ದೋಷ ಯಾವುದರದೆಂದು ತಿಳಿಯುತ್ತದೆ. ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ನೇರ ಸಾಟಾಗೆ (ಕಂಪ್ಯೂಟರಿನೊಳಗೆ ಡಿಸ್ಕ್ ಜೋಡಿಸುವ ಕಿಂಡಿಗೆ) ಹಾಕುತ್ತೇನೆ ಎನ್ನುವವರಿಗೆ ಒಂದು ಮಾತು: ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟು ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಸಾಟಾ ಇರುವುದೇ ಇಲ್ಲ. ಇನ್ನು ಕೆಲವದರಲ್ಲಿ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ ತಾನೇ ದತ್ತಾಂಶವನ್ನು ಗೂಢಲಿಪಿ ಮಾಡಿರುತ್ತದೆ, ಹೊರಗೆ ತೆಗೆದರೆ ಕಸದಂತೆ ಕಾಣುತ್ತದೆ.

‘ಅಕ್ಷರ ಸಿಕ್ಕಿಲ್ಲ’. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್ಮೆಂಟ್ ತೆರೆದರೆ ಡಿಸ್ಕ್ ಅಲ್ಲಿದೆ, ವಿಭಾಗ ಆರೋಗ್ಯವಾಗಿದೆ, ಆದರೆ ಡಿ, ಇ, ಎಫ್ ಅಂತ ಅಕ್ಷರವಿಲ್ಲ. ರೈಟ್ ಕ್ಲಿಕ್ ಮಾಡಿ ಅಕ್ಷರ ಕೊಡಿ, ಮುಗಿಯಿತು.

‘ಓದಲಾಗುತ್ತಿಲ್ಲ’. ಅಕ್ಷರ ಇದೆ, ತೆರೆದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಫೈಲ್ ಸಿಸ್ಟಮ್ ಜಾಗದಲ್ಲಿ ‘ರಾ’ ಎಂದಿರುತ್ತದೆ. ಕ್ಯಾನ್ಸಲ್ ಒತ್ತಿ. ಅದು ಮ್ಯಾಕ್ ಅಥವಾ ಲಿನಕ್ಸಿನಲ್ಲಿ ತಯಾರಾದ ಡಿಸ್ಕ್ ಆಗಿದ್ದರೆ ಏನೂ ಕೆಟ್ಟಿಲ್ಲ, ವಿಂಡೋಸಿಗೆ ಆ ಲಿಪಿ ಬರುವುದಿಲ್ಲ ಅಷ್ಟೆ. ಹಾಗಲ್ಲದಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಸಿ5, ಸಿ6 ಈ ಎರಡು ಸಾಲು ನೋಡಿ. ಸಿ5, ಸಿ6ರಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರುಗಳಿವೆ ಎಂದರ್ಥ. ಅಂಥ ಡಿಸ್ಕಿಗೆ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ ಸರಿಪಡಿಸಲು ಹೋಗಿ ಸಾಯುತ್ತಿರುವ ಡಿಸ್ಕಿನ ಮೇಲೇ ಬರೆಯುತ್ತದೆ. ಮೊದಲು ಲಿನಕ್ಸಿನ ಡಿಡಿರೆಸ್ಕ್ಯೂನಿಂದ ಇನ್ನೊಂದು ದೊಡ್ಡ ಡಿಸ್ಕಿಗೆ ಪೂರ್ತಿ ಪ್ರತಿ ಇಳಿಸಿ, ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಮೌಂಟ್ ಅನ್ನು ಹಾಗೇ ಬಿಡಿ. ವಿಂಡೋಸ್ ಬಳಸುವವರು ಆ ಮಾತು ಆಡುವುದಿಲ್ಲ, ಲಿನಕ್ಸಿನವರಿಗೆ ಬೇರೆ ಮಾತು ಬೇಡ.

ಇನ್ನೊಂದು ಉತ್ತರ – ತೀರ್ಥಹಳ್ಳಿಯಿಂದ

ಆ ಹಸಿರಿಗೆ ‘ಕಿಲುಬು’ ಅನ್ನಿ. ತಾಮ್ರದ ಚೊಂಬಿಗೆ ಹಿಡಿಯುವುದೂ ಅದೇ, ಇಲ್ಲಿ ಆಗಿರುವುದೂ ಅದೇ: ಪಿನ್ನಿನ ಮೇಲಿನ ತೆಳು ಚಿನ್ನದ ಲೇಪ ಸವೆದ ಕಡೆ ಒಳಗಿನ ತಾಮ್ರಕ್ಕೆ ತೇವ ತಾಗಿದೆ. ‘ತುಕ್ಕು’ ಕಬ್ಬಿಣಕ್ಕೆ. ‘ಬೂಷ್ಟು’ ಅಂದರೆ ಶಿಲೀಂಧ್ರ, ಅದು ಡಿಸ್ಕಿನ ಬಟ್ಟೆಚೀಲದ ಮೇಲೆ ಬರುತ್ತೆ.

ತೆಗೆಯುವ ಕ್ರಮವನ್ನೂ ಸೂಚನೆಯಲ್ಲಿ ಸೇರಿಸಿ ಮಾರಾಯ್ರೇ. ಡಿಸ್ಕಿನ ತಂತಿ ಕಿತ್ತು, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಮೆತ್ತನೆ ಬ್ರಷ್ಷಿಗೆ ಹಾಕಿ ಪಿನ್ ಉಜ್ಜಿ, ಹತ್ತು ನಿಮಿಷ ಆರಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತೆ. ಮರಳು ಕಾಗದ ಅಂತೂ ಬೇಡವೇ ಬೇಡ, ಉಳಿದ ಲೇಪವೂ ಹೋಗುತ್ತೆ. ಒಳಗಿನ ಡಿಸ್ಕಿನ ಮೇಲೆ ಗಾಳಿಯಾಡುವ ಸಣ್ಣ ತೂತು ಇರುತ್ತೆ, ಅದರೊಳಗೆ ದ್ರವ ಹೋಗಬಾರದು, ಟೇಪು ಹಚ್ಚಿ ಮುಚ್ಚಲೂಬಾರದು. ತಣ್ಣಗಿನ ಡಿಸ್ಕನ್ನು ಬಿಸಿಲಿಗೋ ಒಲೆಯ ಹತ್ತಿರವೋ ತಂದು ಕೂಡಲೇ ಚುಚ್ಚಬೇಡಿ, ಕೋಣೆಯ ಹದಕ್ಕೆ ಬರಲಿ. ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಜೆಲ್ ತೇವ ಹೀರಿ ತುಂಬಿದ ಮೇಲೆ ಬದಲಿಸಬೇಕು.

ಮತ್ತೊಂದು – ಸಾಗರದಿಂದ

‘ಹಿಡಿಯುತ್ತಿಲ್ಲ’ ಒಳ್ಳೆಯ ಮಾತು, ಆದರೆ ಒಂದು ಗೊಂದಲಕ್ಕೆ ಎಡೆ ಇದೆ. ತೋಟದ ಪಂಪಿನ ಮೋಟಾರ್ ಜಾಮ್ ಆದರೆ ನಾವು ‘ಹಿಡ್ಕೊಂಡಿದೆ’ ಎನ್ನುತ್ತೇವೆ. ಡಿಸ್ಕಿಗೂ ಆ ರೋಗ ಉಂಟು: ಬಿದ್ದ ಮೇಲೆ ಓದುವ ಹೆಡ್ಡು ತಟ್ಟೆಗೆ ಅಂಟಿಕೊಂಡು ಮೋಟಾರ್ ತಿರುಗಲಾರದೆ ‘ಕುಂಯ್ ಕುಂಯ್’ ಎನ್ನುತ್ತದೆ. ಕರೆಂಟ್ ಸಾಲದಿದ್ದರೂ ಅದೇ ಸದ್ದು ಬರುವುದರಿಂದ ಒಂದು ಸಲ ಹಿಂದಿನ ಪೋರ್ಟಿಗೆ, ಗಿಡ್ಡ ಕೇಬಲಿನಲ್ಲಿ ಹಾಕಿ ನೋಡಬಹುದು. ಆಗಲೂ ಕುಂಯ್‌ಗುಟ್ಟಿದರೆ, ಅಥವಾ ಒಂದೇ ಲಯದಲ್ಲಿ ಟಕ್ ಟಕ್ ಎಂದರೆ ಕಿತ್ತುಬಿಡಿ. ತಟ್ಟುವುದು, ಅಲುಗಿಸುವುದು, ಫ್ರಿಜ್ಜಿನಲ್ಲಿ ಇಡುವುದು ಬೇಡ. ಪ್ರತಿ ಸಲ ಕರೆಂಟ್ ಕೊಟ್ಟಾಗಲೂ ಹೆಡ್ಡು ತಟ್ಟೆಯನ್ನು ಕೆರೆಯಬಹುದು. ಅಂಗಡಿಯ ಮೇಜಿನ ಮೇಲೆ ಮುಚ್ಚಳ ತೆಗೆಸಬೇಡಿ, ಅದು ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರ ಕೆಲಸ.

ಹಾಗಾಗಿ ಸೂಚನೆಯಲ್ಲಿ ‘ಕಂಪ್ಯೂಟರ್ ಹಿಡಿಯುತ್ತಿಲ್ಲ’ ಮತ್ತು ‘ಮೋಟಾರ್ ಹಿಡಿದುಕೊಂಡಿದೆ’ ಎಂದು ಕರ್ತೃಪದ ಸೇರಿಸಿಯೇ ಬರೆಯಿರಿ. ಎರಡನೆಯದನ್ನು ಕೆಂಪಕ್ಷರದಲ್ಲಿ, ಪುಟದ ತಲೆಗೇ ಹಾಕಿ.