ಹಳೆಯ ಸಿ.ಡಿ. ಮತ್ತು ಗುಜರಿ ತಗಡಿನ ಮೊಸಾಯಿಕ್: ಹೊಳಪು ಕಿತ್ತು ಬರುತ್ತಿದೆ, ಏನು ಮಾಡಬೇಕು?

ಚಿತ್ರಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಮ್ಮ ಕಂಪ್ಯೂಟರ್ ಕೊಠಡಿಯ ಬೀರುವಿನಲ್ಲಿ ವರ್ಷಗಳಿಂದ ಬಿದ್ದಿದ್ದ ಇನ್ನೂರರಷ್ಟು ಸಿ.ಡಿ., ಡಿ.ವಿ.ಡಿ.ಗಳನ್ನೂ, ಮಕ್ಕಳು ಮನೆಯಿಂದಲೂ ಗುಜರಿ ಅಂಗಡಿಯಿಂದಲೂ ಆರಿಸಿ ತಂದ ಸೋಡಾ ಬಾಟಲಿಯ ಮುಚ್ಚಳ, ತಾಮ್ರದ ತಗಡು, ಹಿತ್ತಾಳೆಯ ಬೀಗದ ಕೈ, ಅಲ್ಯೂಮಿನಿಯಂ ಚೂರುಗಳನ್ನೂ ಸೇರಿಸಿ, ಮೂರಡಿ ಉದ್ದ ಎರಡಡಿ ಅಗಲದ ಹಲಗೆಯ ಮೇಲೆ ಮಿಂಚುಳ್ಳಿಯೊಂದನ್ನು ಮೊಸಾಯಿಕ್‌ನಲ್ಲಿ ಮಾಡಲು ಹೊರಟಿದ್ದೇವೆ. ಶಾಲೆಯ ಜಗಲಿಯ ಗೋಡೆಗೆ ಅದನ್ನು ತೂಗುಹಾಕುವ ಯೋಚನೆಯಿದೆ. ಅಲ್ಲಿ ಮಳೆ ನೇರವಾಗಿ ಬೀಳುವುದಿಲ್ಲ, ಆದರೆ ಆಷಾಢದಲ್ಲಿ ಎರಚಲು ತಪ್ಪುವುದಿಲ್ಲ.

ಕಳೆದ ವಾರ ಒಂದಡಿ ಚೌಕದ ಪ್ಲೈವುಡ್ ತುಂಡಿನ ಮೇಲೆ ಮಾಡಿ ನೋಡಿದೆವು. ಕತ್ತರಿಸುವಾಗಲೇ ಅರ್ಧದಷ್ಟು ಸಿ.ಡಿ.ಗಳು ಅಡ್ಡಾದಿಡ್ಡಿ ಸೀಳಿದವು. ಮರದ ಕೆಲಸಕ್ಕೆ ಬಳಸುವ ಬಿಳಿ ಅಂಟಿನಿಂದ ಅಂಟಿಸಿ, ಸಂದಿಗಳಿಗೆ ವೈಟ್ ಸಿಮೆಂಟ್ ತುಂಬಿ, ಎರಡು ದಿನ ಬಿಟ್ಟು ಒರೆಸಲು ಹೋದಾಗ ಬರಿಯ ಪ್ಲಾಸ್ಟಿಕ್ ಕೈಗೆ ಬಂತು. ಬೆಳ್ಳಿಯಂತಹ ಪದರ ಅಂಟಿನ ಜೊತೆ ಹಲಗೆಯ ಮೇಲೆಯೇ ಉಳಿಯಿತು. ಅಲ್ಯೂಮಿನಿಯಂ ಚೂರುಗಳ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ಲೋಹ ಮಂಕಾಗಿದೆ. ಇವೆಲ್ಲಕ್ಕಿಂತ ಬೇಸರ ತಂದದ್ದು ಇನ್ನೊಂದು: ಒಂದೇ ಸಿ.ಡಿ.ಯಿಂದ ಕತ್ತರಿಸಿದ ಚೂರುಗಳಲ್ಲಿ ಕೆಲವು ಕಾಮನಬಿಲ್ಲಿನಂತೆ ಹೊಳೆದರೆ, ಪಕ್ಕದವು ಸತ್ತ ಮೀನಿನ ಕಣ್ಣಿನಂತೆ ಕಾಣುತ್ತವೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ತಗಡು ಕೆಲಸದವನು, ಬೆಂಗಳೂರು

ಮೇಡಂ, ಪದರ ಕಿತ್ತು ಬಂದದ್ದಕ್ಕೆ ಸಿ.ಡಿ.ಯನ್ನು ಕಟ್ಟಿರುವ ರೀತಿಯೇ ಕಾರಣ. 12 ಸೆಂ.ಮೀ. ವ್ಯಾಸ, 1.2 ಮಿ.ಮೀ. ದಪ್ಪದ ಆ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನದು. ಹೊಳೆಯುವ ಅಲ್ಯೂಮಿನಿಯಂ ಇರುವುದು ಹೆಸರು ಅಚ್ಚಾಗಿರುವ ಬದಿಯಲ್ಲಿ, ತೆಳುವಾದ ಮೆರುಗೆಣ್ಣೆಯ ಕೆಳಗೆ. ಹೊಳೆಯುವ ಬದಿ ಮೇಲೆ ಬರುವಂತೆ ನೀವು ಅಂಟಿಸಿದಾಗ ಅಂಟು ಹಿಡಿದುಕೊಂಡದ್ದು ಆ ಮೆರುಗೆಣ್ಣೆಯನ್ನು. ಪ್ಲಾಸ್ಟಿಕ್ಕಿನ ಭಾರವೆಲ್ಲ ಆ ತೆಳು ಲೋಹದ ಹಿಡಿತದ ಮೇಲೆ ಬಿತ್ತು. ಅದರ ಜೊತೆಗೆ ಒದ್ದೆ ಸಿಮೆಂಟ್ ಬೇರೆ. ಸಿಮೆಂಟ್ ಪ್ರಬಲವಾದ ಕ್ಷಾರ. ಅದು ತಗುಲಿದರೆ ಅಲ್ಯೂಮಿನಿಯಂ ಕರಗುತ್ತ ಜಲಜನಕದ ಗುಳ್ಳೆ ಬಿಡುತ್ತದೆ. ತಗಡಿನ ಅಂಚಿನಲ್ಲಿ ನಿಮಗೆ ಕಂಡದ್ದು ಅದೇ, ಸಿ.ಡಿ.ಯ ಕತ್ತರಿಸಿದ ಅಂಚಿನಿಂದ ಒಳನುಗ್ಗಿ ಹೊಳಪನ್ನು ತಿನ್ನುವುದೂ ಅದೇ.

ಡಿ.ವಿ.ಡಿ.ಯ ಸಂಗತಿ ಬೇರೆ. ಅದರಲ್ಲಿ 0.6 ಮಿ.ಮೀ. ದಪ್ಪದ ಎರಡು ಬಿಲ್ಲೆಗಳ ನಡುವೆ ಲೋಹದ ಪದರವು ಹೋಳಿಗೆಯ ಹೂರಣದಂತೆ ಕುಳಿತಿರುತ್ತದೆ. ಆದ್ದರಿಂದ ಎರಚಲು ತಾಗುವ ಕೆಳಭಾಗಕ್ಕೆ ಡಿ.ವಿ.ಡಿ.ಗಳನ್ನೇ ಬಳಸಿ, ಕತ್ತರಿಸುವಾಗ ಎರಡು ಪದರ ಬಿಟ್ಟುಕೊಂಡ ಚೂರುಗಳನ್ನು ಮಾತ್ರ ಪಕ್ಕಕ್ಕಿಡಿ.

ಅಂಟಿಗೆ ಎರಡು ಟ್ಯೂಬ್‌ಗಳನ್ನು ಕಲಸಿ ಹಚ್ಚುವ ಎಪಾಕ್ಸಿ ಒಳ್ಳೆಯದು. ಕ್ಷಣದಲ್ಲಿ ಹಿಡಿಯುವ ಅಂಟು ಚೂರಿನ ಸುತ್ತ ಬಿಳಿ ಮಬ್ಬು ಬಿಡುತ್ತದೆ, ಥಿನ್ನರ್ ತಾಗಿದರೆ ಪಾಲಿಕಾರ್ಬೊನೇಟ್ ಬಿರಿಯುತ್ತದೆ, ಹುಳಿ ವಾಸನೆಯ ಸಿಲಿಕೋನ್ ತಾಮ್ರ ಹಿತ್ತಾಳೆಗಳನ್ನು ಕೆಡಿಸುತ್ತದೆ. ಸಂದಿಗೆ ಸಿಮೆಂಟೇ ಇಲ್ಲದ ಎಪಾಕ್ಸಿ ಗ್ರೌಟ್ ಟೈಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚು. ಅದು ಕೈಗೆಟುಕದಿದ್ದರೆ, ಪ್ರತಿ ಚೂರಿನ ಅಂಚಿಗೂ ನೀರಿನಲ್ಲಿ ಕಲಸುವ ವಾರ್ನಿಷ್ ಹಚ್ಚಿ ಒಣಗಿಸಿದ ಮೇಲೆ, ಮರಳಿಲ್ಲದ ಗ್ರೌಟ್ ತುಂಬಿ. ಮರಳಿದ್ದರೆ ಒರೆಸುವಾಗ ಗೀರು ಬೀಳುತ್ತದೆ.

ಕತ್ತರಿಸುವುದಕ್ಕೆ ನನ್ನ ರೂಢಿ ಹೀಗಿದೆ: ಬಿಲ್ಲೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಒಂದೊಂದನ್ನೇ ತೆಗೆದು, ಕತ್ತರಿಯ ಬಾಯಿಯನ್ನು ಪೂರ್ತಿ ಮುಚ್ಚದೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಒತ್ತುತ್ತೇನೆ. ತುದಿ ಕಚ್ಚಿದಲ್ಲೇ ಸೀಳು ಹುಟ್ಟುತ್ತದೆ. ಚೂರು ಕಣ್ಣಿಗೆ ಹಾರುವುದರಿಂದ ರಕ್ಷಣೆಯ ಕನ್ನಡಕವಿಲ್ಲದೆ ಮಕ್ಕಳ ಕೈಗೆ ಕತ್ತರಿ ಕೊಡಬೇಡಿ.

ಭೌತಶಾಸ್ತ್ರದ ಮೇಷ್ಟ್ರು, ಮೈಸೂರು

ಸತ್ತ ಮೀನಿನ ಕಣ್ಣಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಂಗಡಿಯಿಂದ ಹಾಡು, ಸಿನಿಮಾ ತುಂಬಿ ಬರುತ್ತಿದ್ದ ಸಿ.ಡಿ.ಯಲ್ಲಿ ಬಣ್ಣವೆಂಬುದೇ ಇಲ್ಲ. ಅದರೊಳಗೆ ಸುರುಳಿಯಾಗಿ ಸಾಗುವ ಗೆರೆಗಳ ನಡುವಿನ ಅಂತರ 1.6 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಮಿಕ್ಕಿ ಗೆರೆಗಳು, ಡಿ.ವಿ.ಡಿ.ಯಲ್ಲಿ ಆ ಅಂತರ 0.74 ಮೈಕ್ರೊಮೀಟರ್ ಮಾತ್ರ. ಈ ಗೆರೆಗಳು ಬೆಳಕನ್ನು ತಮಗೆ ಅಡ್ಡಲಾಗಿ ಬಿಡಿಸಿ ಹರಡುತ್ತವೆಯೇ ಹೊರತು ತಮ್ಮ ಉದ್ದಕ್ಕೆ ಹರಡುವುದಿಲ್ಲ. ನಿಮ್ಮ ಜಗಲಿಯಲ್ಲಿ ಬೆಳಕು ಸೂರಿನ ಕಡೆಯಿಂದ ಇಳಿಯುತ್ತದೆ, ನೋಡುವವರು ಎದುರಿಗೆ ನಿಲ್ಲುತ್ತಾರೆ. ಗೆರೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಬಣ್ಣ ಅವರ ಕಣ್ಣಿಗೆ ಬೀಳುತ್ತದೆ. ನೆಟ್ಟಗೆ ನಿಂತಿದ್ದರೆ ಎಡಬಲಕ್ಕೆ ಚೆಲ್ಲಿಹೋಗಿ ಚೂರು ಬೂದಿಬಣ್ಣವಾಗಿ ಕಾಣುತ್ತದೆ. ಕತ್ತರಿಸುವ ಮೊದಲೇ ಹೆಸರಿನ ಬದಿಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ಮಾರ್ಕರ್‌ನಿಂದ ಬಾಣಗಳನ್ನು ಎಳೆದುಕೊಳ್ಳಿ. ಅಂಟಿಸುವಾಗ ಬಾಣ ಮೇಲಕ್ಕೋ ಕೆಳಕ್ಕೋ ಇದ್ದರೆ ಹೊಳಪು, ಪಕ್ಕಕ್ಕೆ ತಿರುಗಿದರೆ ಮಂಕು. ಎರಡೂ ಬೇಕಾಗುತ್ತವೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಿಂಚುಳ್ಳಿಯನ್ನು ಆರಿಸಿಕೊಂಡದ್ದು ಬಹಳ ಚೆನ್ನಾಯಿತು. ಅದರ ಬೆನ್ನಿನ ನೀಲಿಯೂ ವರ್ಣದ್ರವ್ಯದಿಂದ ಬಂದದ್ದಲ್ಲ, ಗರಿಯೊಳಗಿನ ಅತಿಸೂಕ್ಷ್ಮ ರಚನೆಯಿಂದ ಬಂದದ್ದು. ಆದರೆ ನೀವು ಯಾವ ಕಡೆಯಿಂದ ನೋಡಿದರೂ ಅದು ನೀಲಿಯಾಗಿಯೇ ಉಳಿಯುತ್ತದೆ, ಸಿ.ಡಿ.ಯ ಬಣ್ಣ ಒಂದು ಹೆಜ್ಜೆ ಸರಿದರೆ ಬದಲಾಗುತ್ತದೆ. ಹಾಗಾಗಿ ಬೆನ್ನಿಗೆ, ನಾವೇ ಬರೆದುಕೊಳ್ಳುತ್ತಿದ್ದ ಖಾಲಿ ಸಿ.ಡಿ.ಗಳನ್ನು ಹುಡುಕಿ. ಅವುಗಳಲ್ಲಿ ವರ್ಣದ ಪದರವೊಂದಿದ್ದು, ಕೆಲವದರ ಕೆಳಬದಿ ಕಡುನೀಲಿ, ಕೆಲವದರದು ಹಸಿರು ಬೆರೆತ ನೀಲಿ. ಅಂತಹ ಡಿ.ವಿ.ಡಿ.ಗಳು ನೇರಳೆ. ನೇರ ಬಿಸಿಲಿಗೆ ಈ ಬಣ್ಣ ಮಾಸುತ್ತದೆ, ಜಗಲಿಯ ನೆರಳಿನಲ್ಲಿ ಬಾಳಿಕೆ ಹೆಚ್ಚು.

ಬಿಸಿನೀರಿನ ಉಪಾಯದ ಬಗ್ಗೆ ನನಗೆ ಅನುಮಾನವಿದೆ. ಪಾಲಿಕಾರ್ಬೊನೇಟ್ ಮೆದುವಾಗುವುದು ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುದಿಯುವ ನೀರೂ ಅಲ್ಲಿಗೆ ಮುಟ್ಟುವುದಿಲ್ಲ.

ತಗಡು ಕೆಲಸದವನು, ಬೆಂಗಳೂರು

ಮೇಷ್ಟ್ರೇ, ಲೆಕ್ಕ ನಿಮ್ಮದೇ ಸರಿಯಿರಬಹುದು. ನನ್ನ ಕೈಯಲ್ಲಿ ತಣ್ಣನೆಯ ಹತ್ತರಲ್ಲಿ ನಾಲ್ಕು ಸೀಳಿದರೆ ಬಿಸಿನೀರಿನಿಂದ ತೆಗೆದ ಹತ್ತರಲ್ಲಿ ಒಂದು ಸೀಳುತ್ತದೆ. ಅದಕ್ಕೆ ಕಾರಣವನ್ನು ನೀವೇ ಹುಡುಕಿಕೊಡಿ.

ಬೀದರಿನ ಓದುಗ

ಮೇಡಂ, ಲೋಹಗಳ ಬಗ್ಗೆ ನಾಲ್ಕು ಮಾತು. ನಮ್ಮೂರಿನ ಬಿದ್ರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಪಾತ್ರೆಯ ಮೇಲೆ ಬೆಳ್ಳಿಯನ್ನು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣ ಹಚ್ಚುತ್ತಾರೆ. ಪಾತ್ರೆ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ನಿಮ್ಮ ಹಲಗೆಯಲ್ಲೂ ಎಲ್ಲ ಲೋಹವನ್ನು ತಿಕ್ಕಿ ಬೆಳಗಿಸುವ ಅಗತ್ಯವಿಲ್ಲ. ಬಿಳಿ ಕತ್ತಿನ ಮಿಂಚುಳ್ಳಿಯಾದರೆ ತಲೆ ಮತ್ತು ಹೊಟ್ಟೆ ಕಂದು, ಕತ್ತು ಮತ್ತು ಎದೆ ಬಿಳಿ, ಕೊಕ್ಕು ಕೆಂಪು. ಕಂದಿಗೆ ಹುಣಸೆಹಣ್ಣು ಮುಟ್ಟಿಸದೆ ಹಾಗೆಯೇ ಕಪ್ಪಿಟ್ಟ ತಾಮ್ರ, ಎದೆಗೆ ಮರಳುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿದ ಅಲ್ಯೂಮಿನಿಯಂ ಸಾಕು.

ತಾಮ್ರದ ಪಕ್ಕಕ್ಕೆ ಅಲ್ಯೂಮಿನಿಯಂ ಅಥವಾ ಕಬ್ಬಿಣ ತಾಗಿಕೊಂಡಿದ್ದು ನೀರು ಬಿದ್ದರೆ, ಆ ಎರಡನೆಯ ಲೋಹ ಬೇಗ ಸವೆಯುತ್ತದೆ. ನಡುವೆ ಗ್ರೌಟಿನ ಸಂದಿ ಬಿಡಿ. ಸೋಡಾ ಮುಚ್ಚಳ ಕಬ್ಬಿಣದ ತಗಡು, ಕತ್ತರಿಸಿದ ಅಂಚಿಗೆ ವಾರ್ನಿಷ್ ಹಚ್ಚದಿದ್ದರೆ ತುಕ್ಕು ಇಳಿದು ಗ್ರೌಟ್ ಕೆಂಪಾಗುತ್ತದೆ. ಗುಜರಿಯಿಂದ ಕಂಪ್ಯೂಟರಿನ ಹಸಿರು ಹಲಗೆಗಳನ್ನು ಮಕ್ಕಳು ತಂದಿದ್ದರೆ ಹಿಂದಿರುಗಿಸಿ, ಹಳೆಯವುಗಳ ಬೆಸುಗೆಯಲ್ಲಿ ಸೀಸವಿರುತ್ತದೆ.

ಚಿತ್ರಶಿಕ್ಷಕಿ, ಸಾಗರ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬಾಣ ಎಳೆದು ಕತ್ತರಿಸಿದ ಎಂಟು ಚೂರುಗಳನ್ನು ರಟ್ಟಿನ ಮೇಲಿಟ್ಟು ಜಗಲಿಯ ಗೋಡೆಗೆ ಒರಗಿಸಿದೆವು. ಬಾಣ ಮೇಲಾಗಿದ್ದ ನಾಲ್ಕು ಚೂರುಗಳಲ್ಲಿ ಎಂಟನೆಯ ತರಗತಿಯ ಹುಡುಗನಿಗೆ ಹಸಿರು ಕಂಡರೆ ಅವನಿಗಿಂತ ಒಂದಡಿ ಎತ್ತರದ ನನಗೆ ಕೆಂಪು ಕಂಡಿತು. ಪಕ್ಕಕ್ಕೆ ತಿರುಗಿಸಿಟ್ಟ ನಾಲ್ಕು ಇಬ್ಬರಿಗೂ ಬೂದಿಯೇ. ಆ ಬೂದಿ ಚೂರುಗಳನ್ನು ಹಕ್ಕಿಯ ಹಿಂದಿನ ಹೊಳೆಯ ನೀರಿಗೆ ಬಳಸಲು ನಿರ್ಧರಿಸಿದೆವು. ಬೀರುವಿನಲ್ಲಿ ಕಡುನೀಲಿಯ ಹದಿನೇಳು ಸಿ.ಡಿ.ಗಳು ಸಿಕ್ಕಿವೆ, ಬೆನ್ನಿಗೆ ಅಷ್ಟು ಸಾಕಾಗುತ್ತದೆ. ಕೊಕ್ಕಿಗೆಂದು ಕೆಂಪು ಮುಚ್ಚಳಗಳನ್ನು ಮಕ್ಕಳು ಸುತ್ತಿಗೆಯಿಂದ ಚಪ್ಪಟೆ ಮಾಡುತ್ತಿದ್ದಾರೆ; ಬಡಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ನಡುವೆ ಬಟ್ಟೆ ಇಟ್ಟು ಬಡಿಯಬೇಕೇ, ಅಥವಾ ಮರದ ಕೊಡತಿ ಬಳಸಬೇಕೇ?